ಹಳದಿ ದೀಪದ ವಿಳಾಸ

ಹೈದರಾಬಾದಿನ ಕೂಕಟ್‌ಪಲ್ಲಿಯ ನಡುವೆ ಹಾಯುವ ಹೆದ್ದಾರಿಗೆ ಈಗ 65ರ ಅಂಕಿ, ಹಿಂದೆ 9 ಇತ್ತು. ಅದನ್ನೇ ಹಿಡಿದು ಪಶ್ಚಿಮಕ್ಕೆ ಹೊರಟರೆ ಮಿಯಾಪುರ, ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಬೀದರ್ ಜಿಲ್ಲೆಯ ನೆಲ ಸಿಗುತ್ತದೆ. ಮುಂದೆ ಹುಮನಾಬಾದ್, ಬಸವಕಲ್ಯಾಣದ ತಿರುವು, ಆಮೇಲೆ ಸೊಲ್ಲಾಪುರ. ಹೀಗಾಗಿ ಬೀದರ್ ಜಿಲ್ಲೆಯ ಕೆಎ 38, ಕೆಎ 56 ಫಲಕದ ಲಾರಿಗಳು ಈ ರಸ್ತೆಗೆ ಹೊಸಬರಲ್ಲ. ಬಾಲಾನಗರದ ಕಾರ್ಖಾನೆ ಸೀಮೆಗೆ ಲೋಡು ತಂದು, ಮರಳಿ ಹೋಗಲು ಬಾಡಿಗೆ ಸಿಗದೆ ಖಾಲಿ ಓಡುವ ಲಾರಿಗಳೂ ಇವುಗಳಲ್ಲಿ ಇರುತ್ತವೆ. ಹಗಲಲ್ಲಿ ಭಾರೀ ವಾಹನಗಳಿಗೆ ನಗರದೊಳಗೆ ನಿರ್ಬಂಧವಿರುವುದರಿಂದ ರಾತ್ರಿಯಾಗುವವರೆಗೆ ಎಲ್ಲಾದರೂ ಬದಿಗೆ ನೆರಳಲ್ಲಿ ನಿಂತು ಕಾಯುವುದು ಲಾರಿಯವರ ಪಾಡು. ಸ್ವಂತ ಲಾರಿ ಓಡಿಸುವವನಿಗೆ ಆ ನೆರಳೇ ಮನೆಯಂಗಳ. ಇಂಥ ಒಂದು ಅರ್ಧ ದಿನವನ್ನು ಡ್ಯಾಶ್‌ಬೋರ್ಡಿನಲ್ಲಿ ಆರದೆ ಉರಿಯುತ್ತಿರುವ ಎಬಿಎಸ್‌ನ (ಬ್ರೇಕ್ ಹಾಕಿದಾಗ ಗಾಲಿ ಜಾಮ್ ಆಗದಂತೆ ಕಾಯುವ ವ್ಯವಸ್ಥೆಯ) ಹಳದಿ ದೀಪಕ್ಕೆ ಕೊಟ್ಟರೆ, ಬಹುಪಾಲು ದೋಷಗಳ ವಿಳಾಸ ಅಲ್ಲೇ ಸಿಗುತ್ತದೆ ಎಂಬುದು ಈ ಬರಹದ ವಾದ.

ಈ ವಾದಕ್ಕೆ ಈಗ ಕಾಲ ಕೂಡಿ ಬಂದಿದೆ. ನಮ್ಮ ದೇಶದಲ್ಲಿ ಮಧ್ಯಮ ಮತ್ತು ಭಾರೀ ವಾಣಿಜ್ಯ ವಾಹನಗಳ ಹೊಸ ಮಾದರಿಗಳಿಗೆ 2015ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಅದೇ ಅಕ್ಟೋಬರ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಆ ಮೊದಲ ತಂಡದ ಲಾರಿಗಳಿಗೆ ಹತ್ತು ವರ್ಷ ತುಂಬಿದೆ. ಎಂಜಿನ್ ಗಟ್ಟಿಯಾಗಿದೆ, ಚಾಸಿಗೆ ಏನೂ ಆಗಿಲ್ಲ, ಕಂತು ಎಂದೋ ತೀರಿದೆ. ಮೊದಲ ಯಜಮಾನನಿಂದ ಎರಡನೆಯವನಿಗೆ, ಅವನಿಂದ ಮೂರನೆಯವನಿಗೆ ಗಾಡಿ ಕೈ ಬದಲಿಸಿದೆ. ಹೀಗೆ ಕೈ ಬದಲಿಸುವಾಗ ಮೊದಲು ಕಾಣೆಯಾಗುವುದು ಗಾಡಿಯ ಜೊತೆ ಬಂದಿದ್ದ ಪುಸ್ತಕ. ಎರಡನೆಯದು ಹಳದಿ ದೀಪದ ಮೇಲಿನ ನಂಬಿಕೆ. ದೀಪ ಹತ್ತಿಕೊಂಡಾಗ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಬಲ್ಬು ಕಿತ್ತು, ಇಲ್ಲವೇ ಅದರ ಮೇಲೆ ಕಪ್ಪು ಟೇಪು ಅಂಟಿಸಿ ಸುಮ್ಮನಾಗುವುದು ಒಂದು. ಶೋರೂಮಿಗೆ ಹೋಗಿ, ಯಾರೋ ಹೇಳಿದರೆಂದು ನಿಯಂತ್ರಣ ಪೆಟ್ಟಿಗೆಯನ್ನೇ, ಅಂದರೆ ಇಸಿಯುವನ್ನೇ ಬದಲಿಸುವುದು ಇನ್ನೊಂದು. ಮೊದಲನೆಯದು ಸಂದೇಶ ತಂದವನ ಬಾಯಿಗೆ ಬಟ್ಟೆ ತುರುಕಿದಂತೆ. ಎರಡನೆಯದು ಹಲ್ಲುನೋವಿಗೆ ತಲೆ ಬದಲಿಸಿದಂತೆ. ಇವೆರಡರ ನಡುವೆ ಅಗ್ಗವಾದ ದಾರಿಯೊಂದಿದೆ. ಒಂದು ಮಲ್ಟಿಮೀಟರು, ಒಂದು ಜಾಕಿ, ಗಾಲಿಗೆ ಕೊಡುವ ನಾಲ್ಕು ಕಲ್ಲು, ತುಸು ತಾಳ್ಮೆ ಇದ್ದರೆ ಆ ದಾರಿ ತೆರೆದುಕೊಳ್ಳುತ್ತದೆ.

ಅದನ್ನು ಹಿಡಿಯಲು ಎಬಿಎಸ್ ಮಾಡುವ ಕೆಲಸವೇನು ಎಂದು ಒಮ್ಮೆ ನೋಡಿಕೊಳ್ಳಬೇಕು. ಪ್ರತಿ ಹಬ್ಬಿನ ಒಳಮೈಗೆ ಹಲ್ಲುಗಳಿರುವ ಕಬ್ಬಿಣದ ಉಂಗುರವೊಂದು ಕೂತಿರುತ್ತದೆ. ಭಾರೀ ಲಾರಿಗಳಲ್ಲಿ ಸಾಮಾನ್ಯವಾಗಿ ನೂರು ಹಲ್ಲು. ಅದರ ಎದುರಿಗೆ ಬೆರಳುದ್ದದ ಸೆನ್ಸರ್. ಸೆನ್ಸರಿನೊಳಗೆ ಇರುವುದು ಒಂದು ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ, ಅಷ್ಟೇ. ಹಲ್ಲೊಂದು ಎದುರಿಗೆ ಹಾದಾಗಲೆಲ್ಲ ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ ಅಲೆ ಏಳುತ್ತದೆ. 10.00-20 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 3.3 ಮೀಟರ್ ಸಾಗುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಪ್ರತಿ ಗಾಲಿಯಿಂದ ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಅಲೆಗಳು ಪೆಟ್ಟಿಗೆಗೆ ತಲುಪುತ್ತವೆ. ಬ್ರೇಕ್ ಒತ್ತಿದಾಗ ಯಾವುದಾದರೂ ಒಂದು ಗಾಲಿಯ ಅಲೆಗಳು ಉಳಿದವಕ್ಕಿಂತ ತಟ್ಟನೆ ಇಳಿದರೆ ಆ ಗಾಲಿ ಜಾಮ್ ಆಗುತ್ತಿದೆ ಎಂದು ಪೆಟ್ಟಿಗೆ ತಿಳಿಯುತ್ತದೆ. ಆ ಗಾಲಿಯ ಮಾಡ್ಯುಲೇಟರ್ ವಾಲ್ವಿಗೆ ಹೇಳಿ ಗಾಳಿಯನ್ನು ಕ್ಷಣ ಹೊತ್ತು ಬಿಡಿಸಿ ಮತ್ತೆ ತುಂಬಿಸುತ್ತದೆ. ಅಂದರೆ ಇಡೀ ವ್ಯವಸ್ಥೆ ನಂಬಿ ನಿಂತಿರುವುದು ಗಾಲಿಯಿಂದ ಬರುವ ಒಂದು ಬಡಪಾಯಿ ಅಲೆಯನ್ನು. ವೇಗ ಇಳಿದಷ್ಟೂ ಆ ಅಲೆ ಸಣ್ಣದಾಗುತ್ತದೆ. ಸೆನ್ಸರಿಗೂ ಉಂಗುರಕ್ಕೂ ನಡುವಿನ ಸಂದು ಹಿಗ್ಗಿದಷ್ಟೂ ಇನ್ನೂ ಕ್ಷೀಣಿಸುತ್ತದೆ. ರೋಗದ ಮೂಲವನ್ನು ಊಹಿಸಲು ಇಷ್ಟು ತಿಳಿದರೆ ಸಾಕು.

ಇಸಿಯು ಇರುವುದು ಕ್ಯಾಬಿನ್ನಿನ ಒಳಗೋ ಚಾಸಿಯ ಮರೆಯಲ್ಲೋ, ಮುಚ್ಚಿದ ಪೆಟ್ಟಿಗೆಯಲ್ಲಿ. ಸೆನ್ಸರು ಇರುವುದು ಡ್ರಮ್ಮಿನ ಹಿಂದೆ, ಬಿಸಿ, ಕೆಸರು, ಲೈನರಿನ ಪುಡಿ, ಹಬ್ಬಿನಿಂದ ಸೋರಿದ ಗ್ರೀಸು ಎಲ್ಲ ಸೇರುವ ಜಾಗದಲ್ಲಿ. ಬೀದರಿನ ಕೆಮ್ಮಣ್ಣು, ಕಲಬುರಗಿ ಕಡೆಯ ಎರೆಮಣ್ಣು ಎರಡೂ ಅಲ್ಲಿ ಮೆತ್ತಿಕೊಂಡು ಒಣಗುತ್ತವೆ. ಸೆನ್ಸರನ್ನು ಹಿಡಿದಿರುವುದು ಬೋಲ್ಟಲ್ಲ, ಸ್ಪ್ರಿಂಗಿನಂತೆ ಬಿಗಿಹಿಡಿಯುವ ಒಂದು ಬುಷ್. ಹಬ್ಬಿನ ಬೇರಿಂಗ್ ಸಡಿಲಾಗಿ ಗಾಲಿ ಅಲುಗಾಡತೊಡಗಿದರೆ ಉಂಗುರ ಸೆನ್ಸರನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಬುಷ್ ಹಳತಾಗಿದ್ದರೆ ಅದು ಹಿಂದೆಯೇ ಉಳಿಯುತ್ತದೆ. ಇದರ ಮೇಲೆ ಮನುಷ್ಯರ ಕೈವಾಡ ಬೇರೆ. ಗ್ರೀಸ್ ಬದಲಿಸಲು ಹಬ್ ಬಿಚ್ಚುವಾಗ ಬಿದ್ದ ಸುತ್ತಿಗೆ ಏಟಿಗೆ ಉಂಗುರದ ಒಂದೆರಡು ಹಲ್ಲು ಮುರಿಯುತ್ತವೆ, ಆಕ್ಸಲ್ ಗುಂಟ ಹೋಗುವ ತಂತಿ ಜಾಕಿ ಕೊಡುವಾಗ ಜಜ್ಜಿ ಹೋಗುತ್ತದೆ. ದೋಷ ಹುಡುಕುವವನು ಗಾಲಿಯಿಂದ ಹೊರಟು ಪೆಟ್ಟಿಗೆಯತ್ತ, ಅಗ್ಗದ ಭಾಗದಿಂದ ಹೊರಟು ದುಬಾರಿ ಭಾಗದತ್ತ ಸಾಗಬೇಕು ಎನ್ನಲು ಇದೇ ಕಾರಣ. ಶೋರೂಮಿನ ಬಿಲ್ಲು ಎಷ್ಟೋ ಸಲ ತಿರುಗುಮುರುಗಾಗಿ ನಡೆಯುತ್ತದೆ.

ಆದರೆ ಯಾವ ಗಾಲಿ? ಅದಕ್ಕೆ ಮೊದಲ ಸಾಕ್ಷಿ ದೀಪವೇ. ಕೀಲಿ ತಿರುಗಿಸಿದೊಡನೆ ದೀಪ ಹತ್ತಿ, ಎರಡು ಮೂರು ಸೆಕೆಂಡಿನಲ್ಲಿ ಆರಿದರೆ ವ್ಯವಸ್ಥೆ ತನ್ನನ್ನು ತಾನು ಪರೀಕ್ಷಿಸಿಕೊಂಡು ನೆಟ್ಟಗಿದೆ ಎಂದರ್ಥ. ಹತ್ತಿದ್ದು ಆರದೇ ಉಳಿದರೆ ನಿಂತ ಗಾಡಿಯಲ್ಲೂ ಇರುವ ದೋಷ: ಹರಿದ ತಂತಿ, ಸುಟ್ಟ ಫ್ಯೂಸು, ಸತ್ತ ಸುರುಳಿ, ವಾಲ್ವಿನ ಕಾಯಿಲ್. ಆರಿ, ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿದರೆ ಸಂದೇಹ ಸಂದಿನ ಮೇಲೆ, ಉಂಗುರದ ಮೇಲೆ, ಬೇರಿಂಗಿನ ಮೇಲೆ. ಗುಂಡಿಗೆ ಬಿದ್ದಾಗಲೋ ಮಳೆಯಲ್ಲೋ ಮಾತ್ರ ಹತ್ತಿದರೆ ಕನೆಕ್ಟರು ಸಡಿಲಾಗಿದೆ ಅಥವಾ ಒಳಗೆ ನೀರು ಹೋಗಿದೆ. ಹತ್ತುವುದೇ ಇಲ್ಲವೆಂದರೆ ಅದನ್ನು ಆರೋಗ್ಯವೆಂದು ಭಾವಿಸುವಂತಿಲ್ಲ. ಹಿಂದಿನ ಯಜಮಾನ ಬಲ್ಬು ಕಿತ್ತಿರಬಹುದು. ದೀಪವಲ್ಲದೆ ಇನ್ನೊಂದು ಲಕ್ಷಣವೂ ಉಂಟು. ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಾಕಿ ಗಾಡಿ ಇನ್ನೇನು ನಿಲ್ಲಬೇಕು ಎನ್ನುವಾಗ ಒಂದು ಕಡೆಯಿಂದ ಬುಸ್ ಬುಸ್ ಎಂದು ಗಾಳಿ ಬಿಟ್ಟ ಸದ್ದು ಬಂದರೆ, ಆ ಗಾಲಿಯ ಅಲೆ ಉಳಿದವಕ್ಕಿಂತ ಮೊದಲೇ ಸತ್ತು, ಗಾಲಿ ಜಾಮ್ ಆಗಿದೆಯೆಂದು ಪೆಟ್ಟಿಗೆ ಮೋಸ ಹೋಗುತ್ತಿರುತ್ತದೆ. ಇವೆಲ್ಲ ನಡೆಯುವುದು ಓಡುವ ಗಾಡಿಯಲ್ಲಿ, ಅದನ್ನು ದಿನವೂ ಓಡಿಸುವವನ ಕಣ್ಣು ಕಿವಿಗಳ ಮುಂದೆ. ವರ್ಕ್‌ಶಾಪಿನ ಅಂಗಳಕ್ಕೆ ಬರುವ ಹೊತ್ತಿಗೆ ಅರ್ಧ ಸಾಕ್ಷಿ ದಾರಿಯಲ್ಲೇ ಬಿದ್ದುಹೋಗಿರುತ್ತದೆ.

ಮುಂದಿನದು ಕರೆಂಟಿನ ವಿಚಾರಣೆ. ನಮ್ಮ ಲಾರಿಗಳದು 24 ವೋಲ್ಟಿನ ವ್ಯವಸ್ಥೆ, 12ರ ಎರಡು ಬ್ಯಾಟರಿಗಳ ಜೋಡಿ. ಕ್ಯಾಬಿನ್ನಿನ ಹಾಡಿಗೆ, ಮೊಬೈಲ್ ಚಾರ್ಜಿಗೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದುಕೊಳ್ಳುವುದು ಊರೂರಲ್ಲಿ ನಡೆಯುವ ರೂಢಿ. ಹಾಗೆ ಎಳೆದ ಬ್ಯಾಟರಿ ಸೊರಗುತ್ತದೆ, ಇನ್ನೊಂದು ಅತಿಯಾಗಿ ತುಂಬಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವ ಹೊತ್ತಿಗೆ ಒಟ್ಟು ಬಲ ಕುಸಿದು ಪೆಟ್ಟಿಗೆ ದೋಷ ದಾಖಲಿಸುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಎಂಜಿನ್ ಓಡುವಾಗ ಒಟ್ಟು 27-28 ವೋಲ್ಟಿನ ಆಸುಪಾಸು ಇರಬೇಕು. ಆಮೇಲೆ ಎಬಿಎಸ್ ಫ್ಯೂಸು, ಅದರ ತುದಿಯಲ್ಲಿ ತುಕ್ಕು, ಚಾಸಿಗೆ ಕೊಟ್ಟ ಅರ್ಥಿಂಗ್. ಹೆಚ್ಚುವರಿ ಹಾರ್ನಿಗೋ ಬಣ್ಣದ ದೀಪದ ಸಾಲಿಗೋ ಅದೇ ಫ್ಯೂಸಿನಿಂದ ಯಾರಾದರೂ ತಂತಿ ಕದ್ದಿದ್ದಾರೆಯೇ ಎಂಬುದನ್ನೂ ನೋಡಬೇಕು. ಇಸಿಯು ನಿಜವಾಗಿ ಸಾಯುವ ಸಂದರ್ಭವೂ ಇಲ್ಲದಿಲ್ಲ. ಬಾಡಿ ಕಟ್ಟುವಾಗಲೋ ಚಾಸಿಗೆ ಪಟ್ಟಿ ಹಚ್ಚುವಾಗಲೋ ಬ್ಯಾಟರಿ ಮತ್ತು ಇಸಿಯು ಕನೆಕ್ಟರ್ ಬಿಚ್ಚದೆ ವೆಲ್ಡಿಂಗ್ ಮಾಡಿದರೆ ಆ ಕರೆಂಟು ಪೆಟ್ಟಿಗೆಯೊಳಗೆ ನುಗ್ಗಿ ಅದನ್ನು ಸುಡಬಲ್ಲದು. ದೀಪ ಹತ್ತಿದ್ದು ವೆಲ್ಡಿಂಗ್ ಆದ ಮರುದಿನವೇ ಎಂದಾದರೆ ಮಾತ್ರ ಪೆಟ್ಟಿಗೆಯನ್ನು ಮೊದಲ ಆರೋಪಿಯಾಗಿ ನಿಲ್ಲಿಸಬಹುದು.

ಕರೆಂಟು ಸರಿಯಿದ್ದರೆ ಗಾಲಿಗೆ ಬರಬೇಕು. ಸಮತಟ್ಟು ನೆಲ, ಕೀಲಿ ಆಫ್, ಎತ್ತದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು. ಸೆನ್ಸರಿನ ಕನೆಕ್ಟರ್ ಬಿಚ್ಚಿ ಮೀಟರನ್ನು ಓಮ್ ಅಳತೆಗೆ ಇಟ್ಟರೆ, ಸುರುಳಿ ಜೀವಂತವಿದ್ದಾಗ ತಯಾರಕರಿಗೆ ತಕ್ಕಂತೆ ಸಾಮಾನ್ಯವಾಗಿ ಸಾವಿರದಿಂದ ಎರಡು ಸಾವಿರ ಓಮ್‌ನ ಸುತ್ತಮುತ್ತ ತೋರಿಸುತ್ತದೆ. ಪುಸ್ತಕ ಕಳೆದುಹೋಗಿದ್ದರೂ ಚಿಂತೆಯಿಲ್ಲ. ಎಡಗಾಲಿಗೆ ಬಲಗಾಲಿಯೇ ಪುಸ್ತಕ. ಒಂದು ಕಡೆ ಸಾವಿರದ ಇನ್ನೂರು, ಇನ್ನೊಂದು ಕಡೆ ಮೀಟರು ಅಲುಗಾಡದೆ ಕೂತರೆ ತಂತಿ ಹರಿದಿದೆ. ಸೊನ್ನೆಗೆ ಹತ್ತಿರವಾದರೆ ಒಳಗೇ ಶಾರ್ಟ್ ಆಗಿದೆ. ಸೆನ್ಸರಿನ ಎರಡೂ ತುದಿಗಳಿಗೂ ಚಾಸಿಗೂ ನಡುವೆ ಸಂಪರ್ಕ ಇರಲೇಬಾರದು. ಆಮೇಲೆ ಆ ಗಾಲಿಯನ್ನೆತ್ತಿ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎರಡು ಸೆಕೆಂಡಿಗೆ ಒಂದು ಸುತ್ತಿನಂತೆ ಕೈಯಲ್ಲೇ ತಿರುಗಿಸಬೇಕು. ಕನಿಷ್ಠ 0.2 ವೋಲ್ಟ್ ಹುಟ್ಟಬೇಕೆಂಬುದು ಈ ಕಸುಬಿನ ಪರಿಚಿತ ಅಳತೆ. ಹುಟ್ಟದಿದ್ದರೆ ಸೆನ್ಸರನ್ನು ಕೈಯಿಂದ ಉಂಗುರಕ್ಕೆ ತಾಗುವವರೆಗೆ ಒತ್ತಬೇಕು, ಸುತ್ತಿಗೆ ಬೇಡ. ಗಾಲಿ ತಿರುಗಿದಾಗ ಬೇಕಾದಷ್ಟು ಸಂದನ್ನು ಅದೇ ಮಾಡಿಕೊಳ್ಳುತ್ತದೆ. ಒತ್ತಿದ ಮೇಲೆ ವೋಲ್ಟ್ ಬಂದು, ವಾರದಲ್ಲಿ ಮತ್ತೆ ಹೋದರೆ ಕಳ್ಳ ಬುಷ್ ಅಥವಾ ಬೇರಿಂಗ್. ಗಾಲಿ ಒಂದೇ ಸಮನೆ ತಿರುಗುತ್ತಿದ್ದರೂ ವೋಲ್ಟ್ ಏರಿಳಿಯುತ್ತಿದ್ದರೆ ಉಂಗುರ ಓರೆಯಾಗಿ ಕೂತಿದೆ, ಇಲ್ಲವೇ ಅದರ ಹಲ್ಲು ಮುರಿದಿದೆ.

ಸೆನ್ಸರುಗಳು ನಾಲ್ಕೂ ಸರಿಯಿದ್ದರೆ ಉಳಿದದ್ದು ವಾಲ್ವು. ಟ್ಯಾಂಕಿನಲ್ಲಿ ಗಾಳಿ ತುಂಬಿಸಿ, ಎಂಜಿನ್ ನಿಲ್ಲಿಸಿ, ಒಬ್ಬ ಪೆಡಲ್ ತುಳಿದು ಕೀಲಿ ತಿರುಗಿಸಿದರೆ ಪೆಟ್ಟಿಗೆ ಒಂದೊಂದೇ ವಾಲ್ವನ್ನು ಕೂಗಿ ಹಾಜರಿ ತೆಗೆದುಕೊಳ್ಳುತ್ತದೆ. ಗಾಡಿಯ ಸುತ್ತ ನಿಂತವನಿಗೆ ಟಕ್ ಟಕ್ ಎಂದು ಓಗೊಡುವುದು ಕೇಳಿಸುತ್ತದೆ. ಓಗೊಡದ ವಾಲ್ವಿನ ಕಾಯಿಲ್ ಅಳೆದು ಪಕ್ಕದ್ದಕ್ಕೆ ಹೋಲಿಸಬೇಕು. ಅನೇಕ ಲಾರಿಗಳಲ್ಲಿ ಬ್ಲಿಂಕ್ ಕೋಡಿನ ಸ್ವಿಚ್ಚೂ ಇರುತ್ತದೆ. ಅದನ್ನು ಒತ್ತಿ ಬಿಟ್ಟರೆ ಹಳದಿ ದೀಪ ಎಣಿಸಿದಂತೆ ಮಿನುಗುತ್ತದೆ. ಮಿನುಗಿನ ಒಂದು ಗುಂಪು ದೋಷದ ಜಾತಿಯನ್ನು, ಮತ್ತೊಂದು ಗುಂಪು ಅದಿರುವ ಗಾಲಿಯನ್ನು ಹೇಳುತ್ತದೆ. ಸ್ಕ್ಯಾನರ್ ಇಲ್ಲದೆ ಏನೂ ಸಾಧ್ಯವಿಲ್ಲ ಎನ್ನುವವರಿಗೆ ಇದೇ ಅರ್ಧ ಉತ್ತರ. ಉಳಿದರ್ಧ ಇಷ್ಟು: ಬಲ ಮುಂಗಾಲಿಯ ಸೆನ್ಸರಿನಿಂದ ಅಲೆ ಬರುತ್ತಿಲ್ಲ ಎಂದಷ್ಟೇ ಸ್ಕ್ಯಾನರ್ ಹೇಳಬಲ್ಲದು. ಬಾರದಿರುವುದು ಸೆನ್ಸರಿನಿಂದಲೋ ತಂತಿಯಿಂದಲೋ ಉಂಗುರದಿಂದಲೋ ಬೇರಿಂಗಿನಿಂದಲೋ ಎಂದು ತಿಳಿಯಲು ಸ್ಕ್ಯಾನರ್ ಹಿಡಿದವನೂ ಕೊನೆಗೆ ಮೀಟರು ಹಿಡಿದು ಗಾಡಿಯ ಕೆಳಗೆ ಬಗ್ಗಲೇಬೇಕು. ರಿಪೇರಿಯಾದ ಮೇಲೆ ಒಂದು ಎಚ್ಚರ: ಸೆನ್ಸರಿನ ದೋಷ ತೀರಿದರೂ ದೀಪ ನಿಂತಲ್ಲೇ ಆರದಿರಬಹುದು. ಗಾಡಿ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗ ದಾಟಿ, ಎಲ್ಲ ಗಾಲಿಗಳ ಅಲೆಯನ್ನೂ ಕಂಡ ಮೇಲಷ್ಟೇ ಪೆಟ್ಟಿಗೆ ಸಮಾಧಾನಗೊಳ್ಳುತ್ತದೆ. ಇದು ತಿಳಿಯದೆ ಸರಿಯಾದ ಸೆನ್ಸರನ್ನೂ ಕಿತ್ತೆಸೆದವರುಂಟು.

ಇಷ್ಟೆಲ್ಲ ಏಕೆ, ಎಬಿಎಸ್ ಕೆಟ್ಟರೂ ಬ್ರೇಕ್ ಹಿಡಿಯುತ್ತದಲ್ಲ ಎಂಬ ಮಾತಿಗೆ ತೂಕವಿದೆ. ನಿಜ, ಹಿಡಿಯುತ್ತದೆ. ದೋಷ ಕಂಡ ಗಾಲಿಯನ್ನೋ ಆಕ್ಸಲನ್ನೋ ಪೆಟ್ಟಿಗೆ ತನ್ನ ಹತೋಟಿಯಿಂದ ಬಿಟ್ಟುಕೊಡುವಂತೆಯೇ ವ್ಯವಸ್ಥೆಯನ್ನು ರಚಿಸಲಾಗಿದೆ. ಅಲ್ಲಿ ಹಳೆಯ ಸಾದಾ ಬ್ರೇಕ್ ಉಳಿಯುತ್ತದೆ. ಆದರೆ ಹಳೆಯ ಬ್ರೇಕಿನ ಅಪಾಯವೂ ಅದರ ಜೊತೆಗೇ ಮರಳುತ್ತದೆ. ಹಿಂದಿನ ಆಕ್ಸಲಿನ ಬ್ರೇಕ್ ಇರುವುದು ಲೋಡು ತುಂಬಿದ ಗಾಡಿಯ ಭಾರಕ್ಕೆ. ಖಾಲಿ ಗಾಡಿಯಲ್ಲಿ ಅದೇ ಬಲ ಬಿದ್ದರೆ ಹಿಂಗಾಲಿಗಳು ಥಟ್ಟನೆ ಜಾಮ್ ಆಗಿ ಲಾರಿಯ ಬಾಲ ಪಕ್ಕಕ್ಕೆ ಜಾರುತ್ತದೆ. ಭಾರ ನೋಡಿ ಗಾಳಿ ತಗ್ಗಿಸುವ ವಾಲ್ವೊಂದಿದ್ದರೂ ಹಳೆಯ ಗಾಡಿಗಳಲ್ಲಿ ಅದರ ಕಡ್ಡಿ ತುಕ್ಕು ಹಿಡಿದು ಸ್ಥಿರವಾಗಿಬಿಟ್ಟಿರುವುದು ಅಪರೂಪವಲ್ಲ. ಬಾಲಾನಗರದಲ್ಲಿ ಲೋಡು ಇಳಿಸಿ, ಮೊದಲ ಮಳೆಗೆ ಎಣ್ಣೆ ಮೇಲೆದ್ದ ಕೂಕಟ್‌ಪಲ್ಲಿಯ ರಸ್ತೆಗೆ ಖಾಲಿ ಹೊರಡುವ ಲಾರಿಗೆ, ಮೆಟ್ರೊ ಕಂಬಗಳ ನಡುವಿಂದ ಬೈಕು ಆಟೊಗಳು ನುಗ್ಗುವ ಆ ಬೀದಿಯಲ್ಲಿ, ಎಬಿಎಸ್ ಬೇಕಾಗುವುದು ಸರಿಯಾಗಿ ಆಗಲೇ. ನುರಿತ ಚಾಲಕ ಪೆಡಲ್ ಒತ್ತಿ ಬಿಟ್ಟು ಒತ್ತಿ ನಿಭಾಯಿಸುತ್ತಾನೆ ಎನ್ನಬಹುದು. ಅವನ ಕಾಲಿಗೆ ಇರುವುದು ಒಂದೇ ಪೆಡಲ್. ಎಡಗಾಲಿಗಳು ಕೆಸರಿನಲ್ಲಿ, ಬಲಗಾಲಿಗಳು ಒಣ ಡಾಂಬರಿನಲ್ಲಿ ಇದ್ದಾಗ ಎಡಗಡೆಯದನ್ನು ಮಾತ್ರ ಸಡಿಲಿಸಲು ಯಾವ ಕಾಲಿನಿಂದಲೂ ಆಗದು. ಪದೇಪದೇ ತುಳಿದರೆ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ.

ಹೊರಗಿನ ಒಂದು ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದಲ್ಲಿ 1975ರಲ್ಲೇ ಏರ್ ಬ್ರೇಕಿನ ಲಾರಿಗಳಿಗೆ ಎಬಿಎಸ್ ಇಲ್ಲದೆ ಪಾಲಿಸಲಾಗದಷ್ಟು ಬಿಗಿಯಾದ ನಿಯಮ ಬಂತು. ಅಂದಿನ ಉಪಕರಣ ಎಳಸು. ಸುಳ್ಳು ಎಚ್ಚರಿಕೆ, ಕೆಟ್ಟ ಕಡೆ ಬ್ರೇಕ್ ಬಿಡುವ ದೂರು. ಚಾಲಕರು ತಂತಿ ಕಿತ್ತು ಓಡಿಸಿದರು, 1978ರಲ್ಲಿ ನ್ಯಾಯಾಲಯ ನಿಯಮದ ಆ ಭಾಗವನ್ನು ರದ್ದು ಮಾಡಿತು. 1981ರಲ್ಲಿ ಯುರೋಪಿನಲ್ಲಿ ಡೈಮ್ಲರ್-ಬೆಂಜ್ ಮತ್ತು ವ್ಯಾಬ್ಕೊ ಸೇರಿ ಲಾರಿಗಳಿಗೆ ನಂಬಬಲ್ಲ ಎಬಿಎಸ್ ತಂದವು; ಅಮೆರಿಕದಲ್ಲಿ ಅದು ಮತ್ತೆ ಕಡ್ಡಾಯವಾದದ್ದು 1997ರಲ್ಲಿ. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 2010ರಲ್ಲಿ ಲೆಕ್ಕ ಹಾಕಿದಾಗ ಟ್ರೈಲರ್ ಎಳೆಯುವ ಲಾರಿಗಳ ಒಟ್ಟು ಅಪಘಾತಗಳಲ್ಲಿ ಎಬಿಎಸ್‌ನಿಂದಾದ ಇಳಿಕೆ ಶೇ. 3ರಷ್ಟು, ಎಬಿಎಸ್ ಪ್ರಭಾವ ಬೀರಬಲ್ಲ ಬಗೆಯ ಅಪಘಾತಗಳಲ್ಲಿ ಶೇ. 6ರಷ್ಟು. ಅಂಕಿ ಸಣ್ಣದು, ಅದನ್ನು ಹಿಗ್ಗಿಸಿ ಹೇಳಬೇಕಿಲ್ಲ. ಲೈನರ್ ಸವೆದ, ಟೈರು ಬೋಳಾದ ಗಾಡಿಯನ್ನು ಎಬಿಎಸ್ ಕಾಯಲಾರದು. ಆದರೆ ಒಂದು ಬುಷ್ ಅಥವಾ ಎರಡು ಮೊಳ ತಂತಿಯ ಖರ್ಚಿನಲ್ಲಿ ನೂರರಲ್ಲಿ ಮೂರು ಅಪಘಾತ ತಪ್ಪುವುದಾದರೆ, ಲಾರಿಯಲ್ಲಿ ಇಷ್ಟು ಅಗ್ಗದ ವಿಮೆ ಇನ್ನೊಂದಿಲ್ಲ. 1975ರ ಪಾಠವೂ ಇದನ್ನೇ ಬೇರೆ ದಿಕ್ಕಿನಿಂದ ಹೇಳುತ್ತದೆ: ದೀಪದ ಮೇಲೆ ನಂಬಿಕೆ ಹೋದರೆ ಉಪಕರಣ ಗಾಡಿಯಲ್ಲಿದ್ದರೂ ಇಲ್ಲದಂತೆ.

ಬ್ರೇಕ್ ಪ್ರಾಣದ ವಿಷಯ, ಕಲಿಯದವರು ಅದಕ್ಕೆ ಕೈ ಹಾಕಬಾರದು ಎಂಬುದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಇದನ್ನು ಒಪ್ಪಿಕೊಂಡೇ ಗೆರೆ ಎಳೆಯಬೇಕು. ನೋಡುವುದು, ಕೇಳುವುದು, ಅಳೆಯುವುದು, ಕನೆಕ್ಟರ್ ಒರೆಸುವುದು, ಸೆನ್ಸರ್ ಒತ್ತುವುದು ಗೆರೆಯ ಈಚೆಗೆ. ಗಾಳಿಯ ಪೈಪು ಬಿಚ್ಚುವುದು, ವಾಲ್ವಿನ ಒಳಗೆ ಇಳಿಯುವುದು, ಹಿಂದಿನ ಬ್ರೇಕ್ ಚೇಂಬರ್ ತೆರೆಯುವುದು ಗೆರೆಯ ಆಚೆಗೆ. ಆ ಚೇಂಬರಿನೊಳಗೆ ಅದುಮಿಟ್ಟ ಸ್ಪ್ರಿಂಗು ತಪ್ಪಿ ಹಾರಿದರೆ ಆಳನ್ನೇ ತೆಗೆಯಬಲ್ಲದು. ಹಿಂಗಾಲಿ ತಿರುಗಿಸಲು ಪಾರ್ಕಿಂಗ್ ಬ್ರೇಕ್ ಬಿಡಲೇಬೇಕಾದ್ದರಿಂದ ಮುಂಗಾಲಿಯ ಕಲ್ಲುಗಳೇ ಗಾಡಿಯನ್ನು ಹಿಡಿದಿರುತ್ತವೆ ಎಂಬುದು ನೆನಪಿರಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬಾರದು, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇರಬೇಕು. ಈ ಗೆರೆಯನ್ನು ಪಾಲಿಸಿದವನು ಮೇಸ್ತ್ರಿಯ ಕೆಲಸ ಕಸಿಯುವುದಿಲ್ಲ, ಮೇಸ್ತ್ರಿಯ ಮುಂದೆ ಕುರುಡನಾಗಿ ನಿಲ್ಲುವುದನ್ನಷ್ಟೇ ಬಿಡುತ್ತಾನೆ. ‘ದೀಪ ಹತ್ತಿದೆ, ನೋಡಿ’ ಎನ್ನುವ ಗಿರಾಕಿಗೂ ‘ಎಡ ಹಿಂಗಾಲಿಯಲ್ಲಿ ವೋಲ್ಟ್ ಬರುತ್ತಿಲ್ಲ, ಓಮ್ ಸರಿಯಿದೆ, ಬೇರಿಂಗ್ ನೋಡಿ’ ಎನ್ನುವ ಗಿರಾಕಿಗೂ ಆಗುವ ಬಿಲ್ಲು ಒಂದೇ ಆಗಿರುವುದಿಲ್ಲ.

ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ ಕೊಡುವವರು ಇದನ್ನೆಲ್ಲ ನೋಡಿಕೊಳ್ಳುತ್ತಾರಲ್ಲ ಎಂದರೆ, ಅವರ ಮಿತಿಯನ್ನೂ ತಿಳಿದಿರಬೇಕು. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಎಫ್‌ಸಿ ಇದೆ. ಬ್ರೇಕ್ ಪರೀಕ್ಷೆಯ ರೋಲರುಗಳು ಗಾಲಿಯನ್ನು ತಿರುಗಿಸುವುದು ಗಂಟೆಗೆ ಕೆಲವೇ ಕಿಲೋಮೀಟರ್ ವೇಗದಲ್ಲಿ. ಎಬಿಎಸ್ ಎಚ್ಚರಗೊಳ್ಳುವ ವೇಗವೇ ಅದಲ್ಲ. ಅಲ್ಲಿ ಎಬಿಎಸ್ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಆ ಹಳದಿ ದೀಪವೊಂದೇ, ಅದರ ಬಾಯಿಗೆ ಟೇಪು ಬಿದ್ದಿದ್ದರೆ ಅದೂ ಇಲ್ಲ. ವರ್ಷಕ್ಕೊಂದು ದಿನದ ಪರೀಕ್ಷೆ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಸ್ಟೀರಿಂಗ್ ಹಿಡಿದವನ ಕೆಲಸವನ್ನು ಮಾಡಿಕೊಡದು. ದೀಪ ಆರಿ ಗಾಡಿ ನೆಟ್ಟಗಿರುವ ದಿನವೇ ನಾಲ್ಕೂ ಗಾಲಿಗಳ ಓಮ್ ಮತ್ತು ವೋಲ್ಟ್ ಅಳೆದು, ಎಡ ಮುಂದೆ, ಬಲ ಮುಂದೆ, ಎಡ ಹಿಂದೆ, ಬಲ ಹಿಂದೆ ಎಂದು ಒಂದು ಪುಸ್ತಕದಲ್ಲಿ ಬರೆದು ಕ್ಯಾಬಿನ್ನಿನಲ್ಲಿಡಲು ಒಂದು ಮಧ್ಯಾಹ್ನ ಸಾಕು. ಮುಂದೆಂದೋ ಜಹೀರಾಬಾದಿನ ಆಚೆ ದೀಪ ಹತ್ತಿಕೊಂಡಾಗ ಹೋಲಿಸಲು ಆ ನಾಲ್ಕು ಸಾಲುಗಳಿರುತ್ತವೆ. ಆ ಗಾಡಿಯ ಆರೋಗ್ಯದ ಹಳೆಯ ಅಳತೆ ಯಾವ ಶೋರೂಮಿನ ಸ್ಕ್ಯಾನರಿನಲ್ಲೂ ಇರುವುದಿಲ್ಲ. ಲಾರಿ ಕೈ ಬದಲಿಸುವಾಗ ಕೀಲಿಯ ಜೊತೆ ಆ ಪುಸ್ತಕವನ್ನೂ ಕೊಟ್ಟರೆ, ಮುಂದಿನ ಯಜಮಾನ ಕಪ್ಪು ಟೇಪು ಹುಡುಕಬೇಕಾಗಿಲ್ಲ.